ಕದಲಾರತಿ ಕಂಡ ಹಾಕಿ ಸ್ಟಿಕ್

ಟೊಕ್. ಒಂದು ಉಸಿರಿನಷ್ಟು ಮೌನ. ಮತ್ತೆ ಟೊಕ್. ಹಾಕಿ ಚೆಂಡು ಕಲ್ಲುಕಾಂಪೌಂಡಿಗೆ ಬಡಿದು ಹಿಂತಿರುಗುವ ಆ ಸದ್ದನ್ನು ನೀವು ಕೇಳಿಲ್ಲವಾದರೆ, ಅಂಗಳದ ಮೂಲೆಯಲ್ಲಿ ಯಾರೋ ಬಿಡುವಿಲ್ಲದೆ ತೆಂಗಿನಕಾಯಿ ಒಡೆಯುತ್ತಿದ್ದಾರೆಂದು ಭಾವಿಸಿಕೊಳ್ಳಿ, ಹೆಚ್ಚು ತಪ್ಪಾಗದು. ಐವತ್ತರ ದಶಕದ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದುದರಿಂದ, ನಮ್ಮ ಗೋಡೆಗೆ ಬಿದ್ದ ಏಟು ಇಡೀ ಬ್ಲಾಕಿನ ಪ್ರದಕ್ಷಿಣೆ ಮುಗಿಸಿಕೊಂಡೇ ಮನೆಗೆ ಮರಳುತ್ತಿತ್ತು. ಏಟಿನ ಒಡತಿ ನನ್ನ ತಂಗಿ ಪದ್ಮಿ, ಆಗಿನ್ನೂ ಸ್ಕೂಲ್ ಹುಡುಗಿ. ಅದರಿಂದ ನೊಂದವರಲ್ಲಿ ಅಗ್ರಗಣ್ಯಳು ನಮ್ಮ ಅಜ್ಜಿ, ಅಪ್ಪನ ತಾಯಿ.

ಪದ್ಮಿ ಓದಿದ ಕಾನ್ವೆಂಟಿನಲ್ಲೇ ನಾನೂ ಓದಿದವಳು. ಎಲೊಕ್ಯೂಷನ್‌ನಲ್ಲಿ ನನಗೆ ಯಾವಾಗಲೂ ಫಸ್ಟ್ ಪ್ರೈಜ್; ಮೈದಾನದಲ್ಲಿ ಮಾತ್ರ ಉಳಿದವರ ಸ್ವೆಟರ್ ಕಾಯುವ ಗೌರವಾನ್ವಿತ ಹುದ್ದೆ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ನಮ್ಮಿಬ್ಬರಲ್ಲಿ ದೇವರು ನಾಲಿಗೆಯನ್ನು ನನಗೂ ಕಾಲುಗಳನ್ನು ಅವಳಿಗೂ ಹಂಚಿದ್ದ. ಅಜ್ಜಿಯ ತಕರಾರು ಆ ಕಾಲುಗಳ ಮೇಲೆಯೇ: ಮೊಣಕಾಲು ಕಾಣುವ ಸ್ಕರ್ಟು ತೊಟ್ಟು ಹೆಣ್ಣುಮಗು ಕೋಲು ಹಿಡಿದು ಓಡುವುದೆಂದರೇನು? ಆದರೆ ಸ್ಕರ್ಟನ್ನು ಕ್ಷಮಿಸಿದರೂ, ಊಟದ ನಂತರದ ನಿದ್ರೆಯನ್ನು ಭಂಗಗೊಳಿಸುವ ಆ ಟೊಕ್‌ಟೊಕ್ಕನ್ನು ಆಕೆ ಕ್ಷಮಿಸಲು ಸಿದ್ಧಳಿರಲಿಲ್ಲ.

ಆ ವರ್ಷದ ದಸರೆಯಲ್ಲಿ ಅಜ್ಜಿ ಒಂದು ಉಪಾಯ ಹೂಡಿದಳು. ಆಯುಧಪೂಜೆಗೆ ಇಟ್ಟ ವಸ್ತುವನ್ನು ಮರುದಿನ ಆರತಿಯಾಗಿ ಕದಲಿಸುವವರೆಗೆ, ಅಂದರೆ ಕದಲಾರತಿಯವರೆಗೆ, ಯಾರೂ ಮುಟ್ಟುವಂತಿಲ್ಲ ಎಂಬುದು ನಮ್ಮ ಮನೆಯ ಕಟ್ಟಳೆ. ಅಪ್ಪನ ಸೈಕಲ್, ಅಮ್ಮನ ಹೊಲಿಗೆಯಂತ್ರ, ಈಳಿಗೆಮಣೆ ಇವುಗಳ ಸಾಲಿನಲ್ಲಿ ಬೆಳಗಾಗೆದ್ದು ನೋಡಿದರೆ ಪದ್ಮಿಯ ಹಾಕಿ ಸ್ಟಿಕ್ ಕುಂಕುಮ ಧರಿಸಿ, ಸೇವಂತಿಗೆ ಮುಡಿದು ನವವಧುವಿನಂತೆ ನಿಂತಿತ್ತು. ಅಜ್ಜಿಗೂ ಬುದ್ಧಿ ಬಂತಲ್ಲ ಎಂದು ಅಪ್ಪ ಹಿಗ್ಗಿದರು. ಅಜ್ಜಿ ನನ್ನ ಕಿವಿಯಲ್ಲಿ ಮಾತ್ರ, "ಇವತ್ತೊಂದಿನನಾದ್ರೂ ಮಧ್ಯಾಹ್ನ ಕಣ್ಣು ಮುಚ್ತೀನಿ ಕಣೇ" ಎಂದಳು.

ಒಬ್ಬಟ್ಟಿನ ಊಟ ಮುಗಿದು ಅಜ್ಜಿ ಚಾಪೆ ಬಿಡಿಸುವ ಹೊತ್ತಿಗೆ ಸರಿಯಾಗಿ ಗೇಟು ಕಿರುಗುಟ್ಟಿತು. ನಮ್ಮ ಪಿ.ಟಿ. ಟೀಚರ್ ಮಿಸ್ ಡಾರತಿ, ಹೂವಿನ ಫ್ರಾಕ್ ತೊಟ್ಟ ಆಂಗ್ಲೋ-ಇಂಡಿಯನ್ ಹೆಂಗಸು, ಕಂಟೋನ್ಮೆಂಟಿನಿಂದ ಬೆವರು ಸುರಿಸುತ್ತ ಬಂದಿದ್ದರು. ಮಳೆಯಿಂದ ನಿಂತುಹೋಗಿದ್ದ ಸ್ಟೇಟ್ ಟೀಮಿನ ಟ್ರಯಲ್ಸ್ ಅವತ್ತೇ ಸಂಜೆ ನಾಲ್ಕಕ್ಕೆ! ಅದು ತಪ್ಪಿದರೆ ಆ ವರ್ಷವೇ ತಪ್ಪಿದಂತೆ. ದಸರಾ ರಜೆಯಾದ್ದರಿಂದ ಸ್ಕೂಲಿನ ಸ್ಟಿಕ್ಕುಗಳೆಲ್ಲ ಬೀಗದೊಳಗಿದ್ದವು.

"ಸ್ಟಿಕ್ ತಗೋ ಚೈಲ್ಡ್, ಬೇಗ ಬಾ" ಎಂದವರು, ಶೂಸ್ ಕಳಚಿ ಒಳಗಿಣುಕಿ ಬೆಚ್ಚಿಬಿದ್ದರು. "ಗುಡ್ ಹೆವೆನ್ಸ್! ಇದಕ್ಕೆ ಯಾರು ಮದುವೆ ಮಾಡಿದ್ದು?"

"ನಾಳೆವರೆಗೂ ಮುಟ್ಟೋ ಹಾಗಿಲ್ಲ ಮೇಡಂ" ಎಂದರು ಅಪ್ಪ, ತಪ್ಪು ತಮ್ಮದೇ ಎಂಬಂತೆ ಕೈ ಹಿಸುಕಿಕೊಳ್ಳುತ್ತ.

ಪದ್ಮಿ ಅಳಲಿಲ್ಲ. ಅತ್ತಿದ್ದರೆ ಅಜ್ಜಿ ಗದರಿಸಿ ಸುಮ್ಮನಾಗಿಸುತ್ತಿದ್ದಳೇನೋ. ಅವಳು ಹೊಸಿಲಿನಾಚೆ ನಿಂತು ತನ್ನ ಸ್ಟಿಕ್ಕನ್ನು ಸುಮ್ಮನೆ ನೋಡುತ್ತಿದ್ದಳು, ಅಷ್ಟೆ. ಅಜ್ಜಿ ಅವಳನ್ನೊಮ್ಮೆ, ಬಿಡಿಸಿದ ಚಾಪೆಯನ್ನೊಮ್ಮೆ ನೋಡಿದಳು. ಆಮೇಲೆ ಚಾಪೆಯನ್ನು ಕಾಲಿನಿಂದ ಸರಿಸಿ, "ಲೋ ಶಾಮು, ಕೋಲನ್ನ ಈಗ್ಲೇ ಕದಲಿಸಿದ್ರೆ ಏನಾಗತ್ತೋ?" ಎಂದು ಅಪ್ಪನನ್ನು ಕೇಳಿದಳು.

"ಮಿಕ್ಕ ಆಯುಧಗಳು, ಅಮ್ಮಾ?"

"ಅವೇನು ಆಟಕ್ಕೆ ಹೋಗ್ತಾವಾ? ನಿನ್ ಸೈಕಲ್ಲು ಬಿದ್ಕೊಂಡಿರ್ಲಿ ಬಿಡು. ದೇವಿಗೆ ನಾನು ಹೇಳ್ಕೋತೀನಿ."

ಆರತಿ ತಟ್ಟೆಯಲ್ಲಿ ಕುಂಕುಮದ ನೀರು ಕಲಸಿದ್ದಾಯಿತು. ತಟ್ಟೆ ಹಿಡಿಯಲು ಇಬ್ಬರು ಬೇಕಲ್ಲ. ಅಮ್ಮ ಹಿತ್ತಲಿನಿಂದ ಬರುವಷ್ಟು ವ್ಯವಧಾನವಿಲ್ಲದೆ ಅಜ್ಜಿ, "ನೀವೇ ಆ ಕಡೆ ಹಿಡ್ಕೊಳ್ರಮ್ಮ" ಎಂದು ಮಿಸ್ ಡಾರತಿಯನ್ನೇ ಎಳೆದುಕೊಂಡಳು. ಅಜ್ಜಿ ಆರತಿಯ ಹಾಡು ಎತ್ತಿದಳು. ಹಾಡು ತಿಳಿಯದೆ ಸುಮ್ಮನಿರಲೂ ಆಗದ ಮಿಸ್, ತಮಗೆ ಗೊತ್ತಿದ್ದ ಚರ್ಚಿನ ಯಾವುದೋ ಹಿಮ್ ಅನ್ನು ಗುನುಗಿದರು. ಎರಡೂ ಬೇರೆ ಬೇರೆ ಶ್ರುತಿ. ಆದರೂ ಅಷ್ಟು ಒಮ್ಮನಸ್ಸಿನ ಸಂಗೀತವನ್ನು ನಾನು ಆಮೇಲೆ ಯಾವ ಸಭೆಯಲ್ಲೂ ಕೇಳಿಲ್ಲ. ಅಜ್ಜಿ ಸ್ಟಿಕ್ಕನ್ನು ಬೆರಳಷ್ಟು ಉತ್ತರಕ್ಕೆ ಕದಲಿಸಿ ಮೊಮ್ಮಗಳ ಕೈಗಿತ್ತಳು. "ಗೆದ್ಕೊಂಡ್ ಬಾರೇ, ನನ್ನ ನಿದ್ದೆ ಕೆಡಿಸಿದೋಳೆ!"

ಗೆದ್ದೇ ಬಂದಳು. ರೈಟ್ ವಿಂಗ್‌ನಲ್ಲಿ ಅವಳು ಓಡಿದ್ದನ್ನು ಕಂಡ ಸೆಲೆಕ್ಟರೊಬ್ಬರು, ಸ್ಟಿಕ್ಕಿನ ಮೇಲಿನ ಕೆಂಪು ಬೊಟ್ಟು ಕಂಪನಿಯ ಮಾರ್ಕೇ ಎಂದು ವಿಚಾರಿಸಿದರಂತೆ. ಮೊದಲು ಸ್ಟೇಟ್ ಟೀಮು, ಬಳಿಕ ಇಂಡಿಯಾ ಬ್ಲೇಜರ್, ಸಿಲೋನಿಗೆ ಮೊದಲ ಪ್ರಯಾಣ. ಬ್ಲೇಜರ್ ತೊಟ್ಟ ಫೋಟೋವನ್ನು ಅಜ್ಜಿ ಸೆರಗಿನೊಳಗಿಟ್ಟುಕೊಂಡು ಬ್ಲಾಕಿನ ಮನೆಮನೆಗೂ ತೋರಿಸಿಬಂದಳು. ಮೊಣಕಾಲನ್ನು ಹೆಬ್ಬೆರಳಿನಿಂದ ಮರೆಮಾಡಿಯೇ ತೋರಿಸುತ್ತಿದ್ದಳು, ಆ ಮಾತು ಬೇರೆ. ನನ್ನ ಎಲೊಕ್ಯೂಷನ್ ಕಪ್ಪುಗಳು ಅಂದಿನಿಂದ ಅಡುಗೆಮನೆಗೆ ಸ್ಥಳಾಂತರಗೊಂಡು ಜೀರಿಗೆ, ಮೆಂತ್ಯ ತುಂಬಿಕೊಂಡವು. ಅಸೂಯೆಯಾಗಲಿಲ್ಲವೇ ಎಂದು ಕೇಳುತ್ತೀರಾ? ಪದ್ಮಿಯ ಅಕ್ಕ ಎನಿಸಿಕೊಳ್ಳುವುದು ಯಾವ ಕಪ್ಪಿಗೂ ಕಡಿಮೆಯಾಗಿರಲಿಲ್ಲ. ಬಸ್ ಕಂಡಕ್ಟರನಿಗೂ ನಾನೇ ಹೇಳಿಕೊಂಡಿದ್ದುಂಟು.

ಅರವತ್ತರ ದಶಕದ ಮೊದಲಲ್ಲಿ, ಮದ್ರಾಸಿನಲ್ಲಿ ಟೀಚರಾಗಿದ್ದ ನಾನು ರಜೆಗೆ ಬಂದಾಗ ಅಜ್ಜಿ ಹಾಸಿಗೆ ಹಿಡಿದಿದ್ದಳು. ಪದ್ಮಿ ಟೀಮಿನೊಂದಿಗೆ ಸಮುದ್ರದಾಚೆ ಎಲ್ಲೋ ಇದ್ದಳು. ನಾನು ಹೊರಡುವ ದಿನ ಊಟವಾದ ಮೇಲೆ ಅಜ್ಜಿ, "ಸದ್ದೇ ಇಲ್ವಲ್ಲೇ ಮನೇಲಿ. ಕಣ್ಣೇ ಮುಚ್ಚಲ್ಲ" ಎಂದಳು.

ಬಾಗಿಲ ಹಿಂದೆ ಪದ್ಮಿಯ ಹಳೆಯ ಸ್ಟಿಕ್ಕೂ ಚೆಂಡೂ ಇದ್ದವು; ಸ್ಟಿಕ್ಕಿನ ಕುಂಕುಮ ಮಾಸಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಸೀರೆ ಎತ್ತಿ ಕಟ್ಟಿ ಅಂಗಳಕ್ಕಿಳಿದೆ. ಮೊದಲ ಏಟು ತುಳಸಿಕಟ್ಟೆಗೆ, ಎರಡನೆಯದು ಬಕೆಟಿಗೆ. ಹೇಗೋ ಮೂರನೆಯದು ಗೋಡೆಗೆ ಬಿತ್ತು.

"ಇದು ನಮ್ ಪದ್ಮಿ ಏಟಲ್ಲ" ಎಂದಿತು ಒಳಗಿನಿಂದ ದನಿ. ಸ್ವಲ್ಪ ಹೊತ್ತಿನ ಮೇಲೆ, "ಹೋಗ್ಲಿ, ಹೊಡಿ. ನಿಲ್ಲಿಸ್ಬೇಡ."

ಟೊಕ್. ಚೆಂಡು ಹುಡುಕಲು ಒಂದಷ್ಟು ಮೌನ. ಮತ್ತೆ ಟೊಕ್. ರೈಲಿಗೆ ಹೊತ್ತಾಯಿತೆಂದು ಅಪ್ಪ ಕೂಗುವವರೆಗೂ ಹೊಡೆದೆ. ಹೇಳಿ ಹೋಗೋಣವೆಂದು ಒಳಗಿಣುಕಿದಾಗ ಅಜ್ಜಿ ಗೋಡೆಯತ್ತ ಕಿವಿಯಿಟ್ಟು, ಬಾಯಿ ಅರೆತೆರೆದು, ಸೊಗಸಾಗಿ ಗೊರಕೆ ಹೊಡೆಯುತ್ತಿದ್ದಳು. ನಾನು ಅವಳನ್ನು ಕಡೆಯ ಬಾರಿ ಕಂಡದ್ದು ಹಾಗೆ. ಎಬ್ಬಿಸಲಿಲ್ಲ.