ಕಂಬಳಿಗೆ ಇಂಗ್ಲಿಷಿನಲ್ಲಿ ಹೆಸರಿಟ್ಟ ದಿನ

ಕಂಬಳಿ ಕೊಳ್ಳುವವನು ಮೊದಲು ಅದಕ್ಕೆ ಹೆಸರಿಡಬೇಕು. ಹೆಸರಿಡುವುದೆಂದರೆ ನಮ್ಮ ಕಡೆ ಕುಂದು ಹುಡುಕಿ ಆಡಿಕೊಳ್ಳುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಸೀಮೆಯ ಸಂತೆಗಳಲ್ಲಿ ಸೈಕಲ್ ಮೇಲೆ ಕಂಬಳಿ ಹೇರಿಕೊಂಡು ತಿರುಗಿ ತಿರುಗಿ ಮೇಲೆ ಬಂದವನು ನಾನು. ಅದಕ್ಕೇ ಹೇಳುತ್ತೇನೆ, ಬೇಡವಾದ ಮಾಲಿಗೆ ಯಾರೂ ಹೆಸರಿಡುವುದಿಲ್ಲ. ಸುಮ್ಮನೆ ಎದ್ದು ಹೋಗುತ್ತಾರೆ. ಗಿರಾಕಿ ಬೈಯತೊಡಗಿದನೆಂದರೆ ಅವನ ಮನಸ್ಸು ಬಂದಿದೆ ಎಂದು ತಿಳಿಯಿರಿ.

ಕನ್ನೊಳ್ಳಿಯಲ್ಲಿ ಒಬ್ಬ ಮುದುಕ ಕಂಬಳಿ ನೇಯುತ್ತಿದ್ದ. ನಾನು ಅವನಿಗೆ ಕಾಕಾ ಅನ್ನುತ್ತಿದ್ದೆ. ಹರಕು ಸೈಕಲ್ ಬಿಟ್ಟರೆ ಏನೂ ಇಲ್ಲದ ನನಗೆ ಅವನು ಸಾವ್ಕಾರ ಅನ್ನುತ್ತಿದ್ದ. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಮನೆಯ ವಾಸನೆ: ಹುಣಸೆಬೀಜದ ಗಂಜಿ, ಹಸಿ ಉಣ್ಣೆ. ಅಂಗಳದಲ್ಲಿ ಗಂಜಿ ಹಚ್ಚಿ ಎಳೆದು ಕಟ್ಟಿದ ಕರಿ ನೂಲು, ಅದರ ನೆರಳಲ್ಲಿ ಮಲಗಿದ ಕೋಳಿಗಳು. ಗಾಳಿ ಬೀಸಿದರೆ ಅಷ್ಟೂ ನೂಲು ಒಟ್ಟಿಗೆ ಸಣ್ಣಗೆ ಗುಂಯ್‌ಗುಡುತ್ತಿತ್ತು. ಊರು ಎಲ್ಲೋ ದೂರ ಸರಿದು ಹೋದ ಹಾಗೆ. ಬಿಸಿಲು ಎಲ್ಲಿ ಮುಗಿಯಿತು, ಜೋಳದ ಹೊಲ ಎಲ್ಲಿ ಸುರುವಾಯಿತು ತಿಳಿಯುತ್ತಿರಲಿಲ್ಲ.

ಕಾಕಾ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತವನು ನೇಯ್ದು ಮುಗಿಸಿದ್ದನ್ನು ನನ್ನ ಮುಂದೆ ಒಗೆಯುತ್ತಿದ್ದ.

"ಇದೇನ ಕಂಬಳಿನೋ, ಜಾಲಿಕಂಟಿನೋ? ಮುಟ್ಟಿದ್ರ ಚುಚ್ಚತೈತಿ," ಎಂದು ನಾನು ಸುರುಮಾಡುತ್ತಿದ್ದೆ.

"ಹೊಲದಾಗ ದುಡದ ಕೈಗೆ ಚುಚ್ಚಂಗಿಲ್ಲ, ಸಾವ್ಕಾರ."

"ಅಂಚ ನೋಡು, ಕುಡದಾವ ನಡದಂಗ ನಡದೈತಿ."

"ನೀ ಸೈಕಲ್ ಹೊಡಿಯೂದ ನೋಡಿಕೋತ ನೇಯ್ದೇನಿ."

"ಕೆಲಸಕ್ಕ ಬಾರದ್ದು. ಕುರಿ ಸೈತ ಇದು ನನ್ನ ಉಣ್ಣಿ ಅಂತ ಒಪ್ಪಂಗಿಲ್ಲ."

"ಕುರಿನ ಕರೀತೇನಿ ತಡಿ. ನಿನ್ನ ಮಾರಿ ನೋಡಿ ತಮ್ಮ ಬಂದಾನಂತ ಒಪ್ಪತೈತಿ."

ಒಳಗಿನಿಂದ ಅವನ ಹೆಂಡತಿ, ನಾನು ಆಯಿ ಅನ್ನುತ್ತಿದ್ದವಳು, ನಗುವುದು ಕೇಳುತ್ತಿತ್ತು. ಬೈದು ಬೈಸಿಕೊಂಡು ಇಬ್ಬರಿಗೂ ಸಾಕಾದಾಗ ಕಂಬಳಿ ನನ್ನ ಸೈಕಲ್ ಏರುತ್ತಿತ್ತು. ಎಷ್ಟೋ ವರ್ಷ ಹೀಗೇ ನಡೆಯಿತು.

ಆಗ ಇಂಡಿಯಲ್ಲಿ ಒಬ್ಬ ಚಾಚಾ ಚಹಾದ ಅಂಗಡಿ ಇಟ್ಟಿದ್ದ. ಸೊಲ್ಲಾಪುರದಲ್ಲಿ ಬಿಳಿ ಸಾಹೇಬನೊಬ್ಬನ ಮನೆಯಲ್ಲಿ ಅಡುಗೆ ಮಾಡಿ ಬಂದವನು. ಇಂಗ್ಲಿಷ್ ಕಲಿಸು ಎಂದು ಗಂಟುಬಿದ್ದೆ. ಯೂಸ್‌ಲೆಸ್, ರಬ್ಬಿಶ್, ನಾನ್‌ಸೆನ್ಸ್, ಥರ್ಡ್ ಕ್ಲಾಸ್ ಕಲಿಸಿದ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

"ಅಡಗಿ ಚಲೋ ಆದ್ರ ಸಾಹೇಬ ಏನಂತಿದ್ದ ಚಾಚಾ?"

"ಅವತ್ತ ಸುಮ್ಮ ಉಣ್ಣತಿದ್ದ."

ಮೋರಟಗಿಯ ಹಾದಿಯಲ್ಲಿ ಪೆಡಲ್ ತುಳಿಯುತ್ತ ಆ ಶಬ್ದಗಳನ್ನು ಒಂದೊಂದಾಗಿ ಅಂದುಕೊಳ್ಳುತ್ತಿದ್ದೆ. ರಬ್ಬಿಶ್ ಅಂದರೆ ಜೋಳದ ಎಲೆಗೆ ಎಲೆ ಸವರಿದ ಸದ್ದು. ಅರ್ಥಕ್ಕಿಂತ ಆ ಸದ್ದೇ ತಲೆಯಲ್ಲಿ ತೇಲುತ್ತಿತ್ತು. ನಾಲತವಾಡದ ಸಂತೆಯಲ್ಲಿ ಒಬ್ಬ ಕಂಬಳಿಯವನಿಗೆ "ಥರ್ಡ್ ಕ್ಲಾಸ್" ಅಂದೆ. ಅವನು ಕೂತಲ್ಲಿಂದ ಎದ್ದು ನಿಂತ. ನಾನು ಕೇಳಿದ ಬೆಲೆಗೆ ಕೊಟ್ಟುಬಿಟ್ಟ. ನನ್ನ ಜಾಣತನ ಅಂದುಕೊಂಡೆ. ಅವನು ಯಾಕೆ ಎದ್ದು ನಿಂತ ಎಂದು ಯೋಚಿಸಲಿಲ್ಲ.

ಆ ಚಳಿಗಾಲ ಕನ್ನೊಳ್ಳಿಗೆ ಹೋದಾಗ ಕಾಕಾ ಬಿಳಿ ಅಂಚಿನ ಕಂಬಳಿ ನೇಯ್ದಿಟ್ಟಿದ್ದ. ಅಂಥದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಮನಸ್ಸು ಪೂರಾ ಅದರ ಮೇಲೆ ಹೋಯಿತು. ಅಂಚು ತಿಕ್ಕಿ ನೋಡಿ, "ಯೂಸ್‌ಲೆಸ್. ರಬ್ಬಿಶ್," ಅಂದೆ. ಅವನ ಉತ್ತರಕ್ಕೆ ಕಾದೆ.

"ಅಂದ್ರ?"

"ಇಂಗ್ಲಿಷ್, ಕಾಕಾ."

ಅವನು ಕಂಬಳಿಯನ್ನು ಮೆಲ್ಲಗೆ ಮಡಿಚಿ ಮಗ್ಗುಲಲ್ಲಿ ಇಟ್ಟುಕೊಂಡ. "ಆಗ್ಲಿ ಬಿಡ್ರಿ," ಅಂದ. ಆ 'ರಿ' ಅವನ ಬಾಯಿಂದ ನನಗೆ ಹಿಂದೆಂದೂ ಬಂದಿರಲಿಲ್ಲ.

ಒಂದು ತಿಂಗಳ ಮೇಲೆ ಮತ್ತೆ ಹೋದೆ. ಅಂಗಳದಲ್ಲಿ ನೂಲಿರಲಿಲ್ಲ. ಮಗ್ಗದ ಕುಣಿಗೆ ಹಲಗೆ ಮುಚ್ಚಿತ್ತು, ಅದರ ಮೇಲೆ ಕೋಳಿ ಕೂತಿತ್ತು. ಕಾಕಾ ಗೋಡೆಗೆ ಒರಗಿ ಸುಮ್ಮನೆ ಹೊರಗೆ ನೋಡುತ್ತಿದ್ದ. ಆಯಿ ನನ್ನನ್ನು ಬಾಗಿಲಾಚೆ ಕರೆದಳು.

"ನೀ ಹೋದಾಗಿಂದ ಕುಣಿಯಾಗ ಇಳದಿಲ್ಲ. ನೀ ಅಂದ ಮಾತಿನ ಅರ್ಥ ಸಾಲಿ ಮಾಸ್ತರಗ ಕೇಳ್ಕೊಂಡ ಬಂದ. ಕೆಲಸಕ್ಕ ಬಾರದ್ದಂತ ಹೇಳ್ಯಾರ."

"ಅದನ್ನ ನಾ ಯಾವಾಗ್ಲೂ ಅಂತಿದ್ನೆಲ್ಲ, ಆಯಿ?"

"ನೀ ಅಂದ್ರ ಅಂವ ತಿರುಗಿ ಅಂತಿದ್ದ. ಸರಕಾರದವರಂಗ ಅಂದ್ರ ಏನ ತಿರುಗಿ ಅನ್ನಬೇಕ? ಕಣ್ಣ ಮಬ್ಬಾಗ್ಯಾವ, ಕೈ ಸೋತಾವ, ಓದಿದವರಿಗಿ ಗೊತ್ತಾಗೇತಿ ಅಂತಾನ. ಇನ್ನ ಮಗ್ಗ ಮುಟ್ಟಂಗಿಲ್ಲಂತ."

ನಾಲತವಾಡದವನು ಎದ್ದು ನಿಂತದ್ದು ಆಗ ನೆನಪಾಯಿತು. ಇವರಿಗೆಲ್ಲ ಇಂಗ್ಲಿಷ್ ಕೇಳಿ ಗೊತ್ತಿದ್ದದ್ದು ಕಚೇರಿಯಲ್ಲಿ, ಕೋರ್ಟಿನಲ್ಲಿ, ದವಾಖಾನೆಯಲ್ಲಿ. ಅಲ್ಲಿ ಒಮ್ಮೆ ಅಂದರೆ ಮುಗಿಯಿತು, ಚೌಕಾಸಿ ಇಲ್ಲ. ವ್ಯಾಪಾರಕ್ಕೆ ಇಳಿಯುವ ಹುಡುಗರಿಗೆ ನಾನು ಇದನ್ನೇ ಹೇಳುತ್ತೇನೆ, ಎದುರಿಗಿದ್ದವನು ತಿರುಗಿ ಬೈಯಲಾರದ ಮಾತಿನಲ್ಲಿ ಬೈಯಬೇಡಿ.

ತಪ್ಪಾಯಿತು ಅನ್ನಬಹುದಿತ್ತು. ಅಂದಿದ್ದರೆ, ಕನಿಕರಕ್ಕೆ ಹೇಳುತ್ತಾನೆ ಅಂದುಕೊಳ್ಳುತ್ತಿದ್ದ. ಹೊಗಳಿದ್ದರೆ ಇನ್ನೂ ಕೆಟ್ಟದ್ದು. ನಮ್ಮ ದಂಧೆಯಲ್ಲಿ ಹೊಗಳುವುದು ಕೊಳ್ಳದೆ ಹೋಗುವವನು. ಆಯಿಯ ಕೈಯಿಂದ ಬಿಳಿ ಅಂಚಿನ ಕಂಬಳಿ ತರಿಸಿ ಅವನ ಮುಂದೆ ಹರಡಿ ಕೂತೆ.

"ಏನ ಅಂಚೋ ಇದು, ಮುದುಕನ ಗಡ್ಡ ಇದ್ದಂಗೈತಿ," ಅಂದೆ.

ಅವನು ತಲೆ ತಗ್ಗಿಸಿಕೊಂಡ.

"ಇದನ್ನ ಹೊತಗೊಂಡ್ರ ಚಳಿ ಒಳಗ ಬಂದ ಕುಂದರತೈತಿ."

ಹೊರಗೆ ಗಾಳಿ ಬೀಸಿತು. ಗುಂಯ್‌ಗುಡಲು ಅಂಗಳದಲ್ಲಿ ನೂಲಿರಲಿಲ್ಲ.

"ನಿನಗಿಂತ ಆಯಿನ ಚಲೋ ನೇಯತಾಳ."

ಮುದುಕ ತಲೆ ಎತ್ತಿದ. "ಆಕಿಗಿ ನೇಯಾಕ ಬರತಿದ್ರ ನಿನ್ನಂಥಾ ಮಂಗ್ಯಾನ ಮಾರಿ ನಾ ಯಾಕ ನೋಡತಿದ್ದೆ?" ಅಂದ. ಕಂಬಳಿಯ ಅಂಚು ಹಿಡಿದುಕೊಂಡು, "ಅದನ್ನ ಅನ್ನು," ಅಂದ.

"ಯಾವುದನ್ನ?"

"ಆ ಇಂಗ್ಲಿಷ್."

ಅವನು ನನ್ನನ್ನೇ ನೋಡುತ್ತಿದ್ದ. "ಯೂಸ್‌ಲೆಸ್," ಅಂದೆ, ಮೆಲ್ಲಗೆ.

ಅವನು ಅದನ್ನು ಬಾಯಲ್ಲಿ ಎಲೆ ಅಡಿಕೆಯ ಹಾಗೆ ಆಡಿಸಿ ನೋಡಿದ. "ನೀ ಯೂಸ್‌ಲೆಸ್," ಅಂದ. "ನಿನ್ನ ಸೈಕಲ್ ಯೂಸ್‌ಲೆಸ್. ನಿನಗ ಇದನ್ನ ಕಲಿಸಿದಾಂವ ಯಾಂವದಾನ, ಅಂವನೂ ಯೂಸ್‌ಲೆಸ್."

ಆಯಿ ಹೋಗಿ ಕೋಳಿಯನ್ನು ಓಡಿಸಿ ಕುಣಿಯ ಮೇಲಿನ ಹಲಗೆ ಸರಿಸಿದಳು.