ಗಾಳಿ ತೆಗೆದ ದನಿ

ಕಳೆದ ಶನಿವಾರ ಗ್ಯಾರೇಜು ಸ್ವಚ್ಛ ಮಾಡುತ್ತಿದ್ದಾಗ ರಟ್ಟಿನ ಡಬ್ಬವೊಂದರಿಂದ ಬೂದುಬಣ್ಣದ ತುಪ್ಪಳದ ಮುದ್ದೆಯೊಂದು ಉರುಳಿ ಬಿತ್ತು. ಹೆಂಡತಿ ಕಿರುಚಿ ಎರಡು ಹೆಜ್ಜೆ ಹಿಂದಕ್ಕೆ ಹಾರಿದಳು.

"ರೀ, ಅಳಿಲು ಸತ್ತಿದೆ! ಮುಟ್ಟಬೇಡಿ, ಮೊದಲು ಗ್ಲೌಸ್ ಹಾಕ್ಕೊಳ್ಳಿ!"

ಅಳಿಲಲ್ಲ. ಹೊರಗೆ ರೆಕಾರ್ಡ್ ಮಾಡುವಾಗ ಗಾಳಿ ನೇರವಾಗಿ ಬಡಿಯದಿರಲೆಂದು ಮೈಕಿಗೆ ತೊಡಿಸುವ ಟೊಪ್ಪಿಗೆ. ಎತ್ತಿಕೊಂಡು ಮೂಸಿ ನೋಡಿದೆ. ಒಣಹುಲ್ಲಿನ ವಾಸನೆ ಇನ್ನೂ ಇತ್ತು. ಅಥವಾ ಇದೆ ಅಂದುಕೊಂಡೆ. ನನ್ನ ವಯಸ್ಸಿನಲ್ಲಿ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ. ಪಕ್ಕದ ಮನೆಯ ತಾತ ನೆನಪಾಗಿ, ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿ ಅಲ್ಲೇ ಕೂತುಬಿಟ್ಟೆ...

ನಾವು ಡೆಟ್ರಾಯಿಟ್ ಹತ್ತಿರದ ವಿಕ್ಸಮ್‌ನ ಈ ಬಡಾವಣೆಗೆ ಬಂದಾಗ ಅವರಿಗೆ ಎಂಬತ್ತರ ಹತ್ತಿರ. ಸ್ಕಾಟ್ಲೆಂಡಿನವರು. ಹರೆಯದಲ್ಲಿ ಡೆಟ್ರಾಯಿಟ್‌ಗೆ ಬಂದು, ಕಾರಿನ ಭಾಗಗಳಿಗೆ ಅಚ್ಚು ತಯಾರಿಸುವ ಕೆಲಸ ಮಾಡಿ ನಿವೃತ್ತರಾಗಿದ್ದರು. ಹೆಂಡತಿ ತೀರಿಕೊಂಡಿದ್ದರು. ಮೊಮ್ಮಗಳೊಬ್ಬಳು ಶಿಕಾಗೋ ಕಡೆ, ಓಕ್ ಬ್ರೂಕ್‌ನಲ್ಲಿದ್ದಳು. ನಲವತ್ತೈದು ದಾಟಿದ, ಬೊಕ್ಕತಲೆಯ ನನ್ನನ್ನು ಅವರು 'ಲ್ಯಾಡ್' ಎಂದು ಕರೆಯುತ್ತಿದ್ದರು. ನನ್ನನ್ನು ಹುಡುಗ ಎನ್ನುವವರು ಆಗಲೇ ಭೂಮಿಯ ಮೇಲೆ ಬೇರೆ ಯಾರೂ ಉಳಿದಿರಲಿಲ್ಲವಾದ್ದರಿಂದ ನಾನೂ ತಿದ್ದಲು ಹೋಗಲಿಲ್ಲ.

ನಮ್ಮಿಬ್ಬರ ಮನೆಗಳ ಹಿಂದೆ, ಇಂಡಸ್ಟ್ರಿಯಲ್ ಪಾರ್ಕಿನ ಬೇಲಿಯವರೆಗೆ, ಯಾರೂ ಏನೂ ಕಟ್ಟದೆ ಬಿಟ್ಟ ಜಾಗವಿತ್ತು. ಸೊಂಟದೆತ್ತರದ ಹುಲ್ಲು, ಮುಳ್ಳುಪೊದೆ, ನಡುವೆ ಸ್ವಲ್ಪ ಜೌಗು. ಸಂಜೆ ತಾತ ಹಿತ್ತಿಲ ಕುರ್ಚಿಯಲ್ಲಿ ಕೂತು ಅದನ್ನೇ ನೋಡುತ್ತಿದ್ದರು. "ಅಪ್ಪಾ, ಹೀ ಈಸ್ ಜಸ್ಟ್ ಸ್ಟೇರಿಂಗ್ ಅಟ್ ವೀಡ್ಸ್," ಎನ್ನುತ್ತಿದ್ದಳು ನನ್ನ ಮಗಳು. ಒಮ್ಮೆ ನಾನು ಕೇಳಿಯೇ ಬಿಟ್ಟೆ. "ಅದು ನನ್ನ ಮೀರ್," ಎಂದರು.

ಅವರ ನಾಡಿನಲ್ಲಿ ಉಳುಮೆಯಿಲ್ಲದ, ಕುರುಚಲು ಗಿಡ ಹಬ್ಬಿದ ಬಯಲಿಗೆ ಒಂದು ಹಳೆಯ ಪದವಿದೆಯಂತೆ. ಬರೆಯುವಾಗ ಎಲ್ಲರಿಗೂ ಒಂದೇ. ಆದರೆ ಈಶಾನ್ಯದಿಂದ ಬಂದ ತಾತನ ಬಾಯಲ್ಲಿ ಅದು 'ಮೀರ್', ಪಶ್ಚಿಮದಿಂದ ಬಂದ ಹೆಂಡತಿಯ ಬಾಯಲ್ಲಿ 'ಮೇರ್'. ಜೊತೆಗೆ ಕೆಲಸ ಮಾಡುತ್ತಿದ್ದ, ಉತ್ತರದ ದ್ವೀಪದ ಗೆಳೆಯನೊಬ್ಬ ತುಟಿ ಗುಂಡಗೆ ಮಾಡಿ ಹೇಳುತ್ತಿದ್ದ ಸ್ವರಕ್ಕಂತೂ ಕನ್ನಡದಲ್ಲಿ ಅಕ್ಷರವೇ ಇಲ್ಲ. ಅರ್ಥವೂ ಊರಿಂದೂರಿಗೆ ಜರುಗುತ್ತಿತ್ತು. ತಾತನಿಗೆ ಅದು ಊರಿನವರೆಲ್ಲ ದನ ಬಿಡುತ್ತಿದ್ದ ಜಾಗ. ಹೆಂಡತಿಯ ಲೆಕ್ಕದಲ್ಲಿ ಕಾಲು ಹೂತರೆ ಅದು ಬೇರೆ, ಅದಕ್ಕೆ 'ಮಾಸ್' ಎಂದು ಬೇರೆ ಹೆಸರು. ಕಾಲು ಒದ್ದೆಯಾಗದಿದ್ದರೆ ಮಾತ್ರ ಮೇರ್. ನಲವತ್ತು ವರ್ಷ ಇಬ್ಬರೂ ಹಿತ್ತಿಲಲ್ಲಿ ಕೂತು, ಎದುರಿಗಿರುವುದು ಯಾವುದು ಎಂದು ಜಗಳವಾಡಿದ್ದರಂತೆ. ಚಳಿಗಾಲ ಮುಗಿಯುವ ಹೊತ್ತಿಗೆ ಹಳೆಯ ಗಿಡಗಳಿಗೆ ಬೆಂಕಿಯಿಟ್ಟು ಹೊಸ ಚಿಗುರು ಬರಿಸುವ ಕೆಲಸಕ್ಕೂ ಅದೇ ಪದದಿಂದ ಹುಟ್ಟಿದ ಹೆಸರಿತ್ತು. ನಮ್ಮ ತಿಪಟೂರು ಕಡೆಯ ದನ ಮೇಯುವ ಕಾವಲಿನಲ್ಲೂ ಮಳೆಗೆ ಮುಂಚೆ ಒಣಹುಲ್ಲು ಸುಡುತ್ತಿದ್ದರು ಎಂದೆ. "ಕಾವಲ್, ಕಾವಲ್," ಎಂದು ಎರಡು ಸಲ ಹೇಳಿ ನೋಡಿ, "ನಿನ್ನದೂ ಒಳ್ಳೆಯ ಪದವೇ," ಎಂದು ಒಪ್ಪಿಕೊಂಡರು.

ಒಂದು ವರ್ಷ ಅಕ್ಟೋಬರಿನಲ್ಲಿ ಅವರ ಗಂಟಲಲ್ಲಿ ಗಡ್ಡೆ ಕಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಆಪರೇಷನ್‌ಗೆ ಒಂದು ವಾರವಿತ್ತು. ಬೇಲಿಯ ಬಳಿ ಬಂದು ಕೇಳಿದರು:

"ಲ್ಯಾಡ್, ಸದ್ದು ಹಿಡಿಯೋದು ನಿನ್ನ ಕೆಲಸ ಅಲ್ವಾ? ನನ್ನ ಮಾತು ಹಿಡಿದಿಡು. ನನ್ನ ಹೆಂಡತಿ ಹೋದಮೇಲೆ ಈ ಮಾತಾಡೋ ಬಾಯಿ ಇದೊಂದೇ. ಮೊಮ್ಮಗಳಿಗೆ ಬೇಕು."

ನನ್ನ ಕೆಲಸ ಸದ್ದು ಹಿಡಿಯುವುದಲ್ಲ, ಓಡಿಸುವುದು. ಎಪ್ಪತ್ತು ಮೈಲಿ ವೇಗದಲ್ಲಿ ಹೋಗುವ ಕಾರಿನೊಳಕ್ಕೆ ಗಾಳಿಯ ಸದ್ದು ಎಲ್ಲಿಂದ ನುಸುಳುತ್ತದೆಂದು ಹುಡುಕಿ ಇಲ್ಲವಾಗಿಸಲು ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ನನಗೆ ಸಂಬಳ ಕೊಡುತ್ತಾರೆ. ಆದರೂ ಒಪ್ಪಿಕೊಂಡೆ. ನಮ್ಮನೆಯ ಬೇಸ್ಮೆಂಟಿನಲ್ಲಿ ಮಾಡೋಣ, ಬೆಚ್ಚಗಿರುತ್ತೆ ಎಂದೆ. ಅವರು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆ ಬಯಲಿನಲ್ಲೇ ಆಗಬೇಕು.

ಹೊರಗೆ ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟ್, ಕೊರೆಯುವ ಚಳಿ. ಅದು ಯಾವುದೋ ಕಂಪನಿಯ ಜಾಗ, ಒಳಗೆ ಕಾಲಿಟ್ಟರೆ ಅತಿಕ್ರಮ ಪ್ರವೇಶವಾಗಿ ನಮ್ಮ ಗ್ರೀನ್ ಕಾರ್ಡ್ ಅರ್ಜಿಗೆ ಕುತ್ತು ಬಂದರೆ? ಹುಲ್ಲಿನಲ್ಲಿ ಉಣ್ಣೆ ಹುಳ ಕಚ್ಚಿದರೆ? ತಾತ ಜಾರಿ ಬಿದ್ದು ಮೊಮ್ಮಗಳು ನನ್ನ ಮೇಲೆ ಕೇಸು ಹಾಕಿದರೆ? ಇಷ್ಟನ್ನೂ ಚಿಂತಿಸುತ್ತ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಂಡು ಅವರ ಹಿಂದೆ ನಡೆದೆ. ಚಿಂತಿಸಬೇಕಾದ ಒಂದೇ ವಿಷಯವನ್ನು ಮಾತ್ರ ಬಿಟ್ಟಿದ್ದೆ.

ಬಯಲ ನಡುವೆ ನಿಂತು ತಾತ ಹೇಳಿದರು: "ಇದು ಗಾಳಿಗೆ ಎದುರಾಗಿ ಕೂಗೋ ಮಾತು. ಆ ತುದಿಯಲ್ಲಿರೋನಿಗೆ ಕೇಳಿಸಬೇಕು. ಅದಕ್ಕೇ ಇಷ್ಟುದ್ದ ಎಳೆಯೋದು." ನಾನು ಹೂಂಗುಟ್ಟಿದೆ. ಬ್ಯಾಟರಿ ಎಷ್ಟು ಉಳಿದಿದೆ ಎಂದು ನೋಡುತ್ತಿದ್ದೆ.

ಅವರು ಒಂದು ಗಂಟೆ ಮಾತಾಡಿದರು. ದನ ಕರೆಯುವ ಕೂಗು, ಬಯಲುಕೋಳಿಯ ಹೆಸರು, ಬೆಂಕಿಯಿಡುವವರು ಒಬ್ಬರಿಗೊಬ್ಬರು ಕೊಡುವ ಎಚ್ಚರಿಕೆ... ಕೊನೆಗೆ ಬಲಕ್ಕೆ ತಿರುಗಿ, ಹೆಂಡತಿಯ ಹಾಗೆಯೇ "ಮೇರ್!" ಎಂದು ಕೂಗಿ, ತಮ್ಮದೇ ದನಿಯಲ್ಲಿ "ಮೀರ್!" ಎಂದು ಉತ್ತರ ಕೊಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಗಾಳಿಗೂ ಬಂದಿರಬಹುದು, ನೀರು.

ಎರಡು ಸಂಜೆ ಕೂತು ನಾನು ಗಾಳಿ ತೆಗೆದೆ. ತುಪ್ಪಳದ ಟೊಪ್ಪಿಗೆ ಹಾಕಿದ್ದರೂ ಮೈಕಿಗೆ ಬೇಕಾದಷ್ಟು ನುಗ್ಗಿತ್ತು. ಗೊರಗೊರ ಒಂದೊಂದನ್ನೇ ಹುಡುಕಿ ಒರೆಸಿದೆ. ಇಪ್ಪತ್ತು ವರ್ಷದ ಕೆಲಸದಲ್ಲಿ ಅಷ್ಟು ಚೊಕ್ಕವಾಗಿ ನಾನು ಏನನ್ನೂ ಮಾಡಿರಲಿಲ್ಲ. ಸೋಮವಾರ ಆಫೀಸಿಗೆ ಮೆಮರಿ ಕಾರ್ಡ್ ಬೇಕಿತ್ತು. ಅದರಲ್ಲಿದ್ದ ಮೂಲವನ್ನು ನಕಲು ಇಟ್ಟುಕೊಳ್ಳದೆಯೇ ಅಳಿಸಿದೆ. ಪ್ರತಿಯೊಂದಕ್ಕೂ ಎರಡು ನಕಲು ಇಟ್ಟುಕೊಳ್ಳುವ, ಪಾಸ್‌ಪೋರ್ಟಿನ ಜೆರಾಕ್ಸ್‌ಗೂ ಜೆರಾಕ್ಸ್ ಮಾಡಿಸುವ ಮನುಷ್ಯ ನಾನು.

ಆಪರೇಷನ್ ಆಗಿ ಮನೆಗೆ ಬಂದ ತಾತನ ಕಿವಿಗೆ ಹೆಡ್‌ಫೋನ್ ಹಾಕಿ, ಶಭಾಷ್‌ಗಿರಿಗಾಗಿ ಎದುರು ಕೂತೆ. ಮೊದಲು ಮುಗುಳ್ನಕ್ಕರು. ಆಮೇಲೆ ಕಿಟಕಿಯತ್ತ ನೋಡಿದರು. ಹೆಡ್‌ಫೋನ್ ತೆಗೆದು, ಮಾತಿಗೆಂದು ಪಕ್ಕದಲ್ಲಿಟ್ಟುಕೊಂಡಿದ್ದ ಬಿಳಿ ಹಲಗೆಯ ಮೇಲೆ ಬರೆದರು: "ಗಾಳಿ ಎಲ್ಲಿ?"

ಹತ್ತು ನಿಮಿಷ ಅವರಿಗೆ ನಾನು ಫಿಲ್ಟರುಗಳ ಬಗ್ಗೆ ಪಾಠ ಮಾಡಿದೆ. ಪಾಠ ಮುಗಿಯುವ ಹೊತ್ತಿಗೆ ನನಗೇ ಕೇಳಿಸತೊಡಗಿತ್ತು. ಗಾಳಿಗೆ ಎದುರಾಗಿ ಎಳೆದೆಳೆದು ಕೂಗಿದ ಮಾತಿನಿಂದ ಗಾಳಿಯನ್ನೇ ತೆಗೆದರೆ ಉಳಿಯುವುದು ಖಾಲಿ ಕೋಣೆಯಲ್ಲಿ ಕಾರಣವಿಲ್ಲದೆ ಅರಚಾಡುವ ಒಬ್ಬ ಮುದುಕ.

ತಪ್ಪು ತಿದ್ದಲು ಹೋದೆ. ಮಂಗಳವಾರ ರಜೆ ಹಾಕಿ, ಒಬ್ಬನೇ ಆ ಬಯಲಿನಲ್ಲಿ ಮೈಕು ಹಿಡಿದು ನಿಂತು ಗಾಳಿಯನ್ನು ರೆಕಾರ್ಡ್ ಮಾಡಿದೆ. ಅವರ ದನಿಯ ಕೆಳಗೆ ಸೇರಿಸಿದೆ. ಕೂಡಲಿಲ್ಲ. ತಾತ ಬಲಕ್ಕೆ ತಿರುಗಿದಾಗ ಗಾಳಿ ತಿರುಗುತ್ತಿರಲಿಲ್ಲ. ಅವರು ಉಸಿರೆಳೆದಾಗ ಅದು ತನ್ನ ಪಾಡಿಗೆ ಬೀಸುತ್ತಿತ್ತು. ಆದರೂ ಒಯ್ದು ಕೇಳಿಸಿದೆ. ಅವರ ಭುಜಗಳು ಕುಲುಕಿದವು. ಅಳುತ್ತಿದ್ದಾರೆಂದು ಗಾಬರಿಯಾಗಿ ಎದ್ದು ನಿಂತೆ. ನಗುತ್ತಿದ್ದರು, ಸದ್ದಿಲ್ಲದೆ. ಹಲಗೆಯ ಮೇಲೆ ಬರೆದರು: "ಇದು ಮಂಗಳವಾರದ ಗಾಳಿ, ಲ್ಯಾಡ್. ಕಿಟಕಿಯಿಂದ ನೋಡಿದೆ ನಿನ್ನ." ಆಮೇಲೆ ಅದನ್ನು ಒರೆಸಿ, ಇನ್ನೊಂದು ಸಾಲು: "ಗಾಳಿಯಿಲ್ಲದ ಮೊದಲನೆಯದನ್ನೇ ಮೊಮ್ಮಗಳಿಗೆ ಕಳಿಸು."

ಮುಂದಿನ ಏಪ್ರಿಲ್‌ನಲ್ಲಿ ಹೋಗಿಬಿಟ್ಟರು. ಬಯಲಿನಲ್ಲಿ ಈಗ ಗೋದಾಮು ಎದ್ದಿದೆ. ಅವರಿಗೆ ಬೇಕಾಗಿದ್ದುದು ಒಂದೇ ಒಂದು ಗಂಟೆ, ಅದನ್ನೂ ನೆಟ್ಟಗೆ ಇಟ್ಟುಕೊಡಲಾಗಲಿಲ್ಲ ಎನ್ನುವುದು ದಿನಾ ಕಾಡುತ್ತದೆ ಎಂದರೆ ಸುಳ್ಳಾದೀತು. ಕಾಡಲು ಬೇರೆ ಬೇಕಾದಷ್ಟಿವೆ: ಮಗಳ ಕಾಲೇಜು, ಕೊಲೆಸ್ಟ್ರಾಲ್, ಲೇಆಫ್ ಸುದ್ದಿ. ಆದರೆ ಹೈವೇಯಲ್ಲಿ ಕಿಟಕಿ ಮುಚ್ಚಿದ ಕಾರಿನೊಳಗೆ, ನಾನೇ ದುಡಿದು ತಂದ ಆ ನಿಶ್ಶಬ್ದದಲ್ಲಿ, ಕೆಲವು ಸಲ ಸುಸ್ತಾಗುತ್ತದೆ...

ಗ್ಯಾರೇಜು ಹಾಗೇ ಬಿಟ್ಟು ಎದ್ದು, ಎಷ್ಟೋ ದಿನದ ಮೇಲೆ ತಾತನ ಮೊಮ್ಮಗಳಿಗೆ ಮೆಸೇಜ್ ಮಾಡಿದೆ. ಅವಳಿಗೆ ಈಗ ಒಂದು ಮಗುವಿದೆ. ತಾತನ ರೆಕಾರ್ಡಿಂಗನ್ನು ಮಗುವಿಗೂ ಕೇಳಿಸುತ್ತಾಳಂತೆ. ಎಷ್ಟು ಕ್ಲಿಯರ್ ಇದೆ, ಸ್ಟುಡಿಯೋದಲ್ಲಿ ಮಾಡಿದ್ದಾ ಎಂದು ಕೇಳಿದಳು. ಮೂರು ಸಲ ಬರೆದು ಮೂರು ಸಲ ಅಳಿಸಿ, ಕೊನೆಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ: ಇಲ್ಲ, ಬಯಲಿನಲ್ಲಿ. ತುಂಬ ಗಾಳಿಯಿತ್ತು. ನಾನು ತೆಗೆದೆ.

ತಕ್ಷಣ ಉತ್ತರ ಬಂತು, ಹೃದಯದ ಚಿತ್ರದೊಂದಿಗೆ. "ಓಹ್, ಥ್ಯಾಂಕ್ ಗಾಡ್ ಯೂ ಡಿಡ್!"