ಮಂಗಳವಾರ, ಶುಕ್ರವಾರ, ಎರಡರಿಂದ ನಾಲ್ಕು

ಆಗ ತಿಪಟೂರಿನ ನಮ್ಮ ಮನೆಗೆ ನೂರು ಹೆಜ್ಜೆ ದೂರದಲ್ಲೇ ಒಂದು ಹಿಟ್ಟಿನ ಗಿರಣಿ ಇತ್ತು. ಅತ್ತಿಗೆ ಅದನ್ನು ಬಿಟ್ಟು, ರಾಗಿ ತುಂಬಿದ ತಗಡಿನ ಡಬ್ಬವನ್ನು ಸೊಂಟದ ಮೇಲಿಟ್ಟುಕೊಂಡು, ಎರಡು ಬೀದಿ ದಾಟಿ, ಸಾರ್ವಜನಿಕ ಗ್ರಂಥಾಲಯದ ಎದುರಿದ್ದ ಗಿರಣಿಗೇ ಹೋಗುತ್ತಿದ್ದರು. ಹತ್ತಿರದವನು ತರಿತರಿಯಾಗಿ ಬೀಸುತ್ತಾನೆ ಎನ್ನುವುದು ಅವರು ಕೊಡುತ್ತಿದ್ದ ಕಾರಣ. ದಿನಕ್ಕೆರಡು ಹೊತ್ತು ಅವರು ಮಾಡಿಟ್ಟ ಮುದ್ದೆ ನುಂಗುತ್ತಿದ್ದ ಅಪ್ಪ, ಅಣ್ಣ, ನಾನು, ಈ ಮೂವರಲ್ಲಿ ಒಬ್ಬರಿಗೂ ಎರಡು ಹಿಟ್ಟಿನ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಹಾಗಾಗಿ ಯಾರೂ ಮತ್ತೇನೂ ಕೇಳಲಿಲ್ಲ.

ಆ ಗಿರಣಿಯಲ್ಲಿ ಸರದಿ ಕಾಯುವ ಕೆಲಸ ಡಬ್ಬಗಳದು. ಬಂದವರು ತಮ್ಮ ಡಬ್ಬವನ್ನು ಸಾಲಿನ ಕೊನೆಗಿಟ್ಟು ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ಮುಂದಿನ ಡಬ್ಬ ಎತ್ತಿದಾಗ ಹಿಂದಿನದನ್ನು ಯಾರಾದರೂ ಕಾಲಿನಿಂದ ಮುಂದಕ್ಕೆ ಸರಿಸುತ್ತಿದ್ದರು. ಒಡತಿ ಕಾಣಲಿಲ್ಲವೆಂದು ಅವಳ ಡಬ್ಬವನ್ನು ಹಿಂದೆ ಹಾಕುವ ಧೈರ್ಯ ಊರಿನಲ್ಲಿ ಯಾರಿಗೂ ಇರಲಿಲ್ಲ. ಕರೆಂಟು ಹೋದರಂತೂ ಸಾಲು ರಸ್ತೆಯವರೆಗೂ ಬೆಳೆಯುತ್ತಿತ್ತು. ಮಂಗಳವಾರ, ಶುಕ್ರವಾರದ ಮಧ್ಯಾಹ್ನ ಮಾತ್ರ ಅಲ್ಲಿ ಬರೀ ಡಬ್ಬಗಳಿರುತ್ತಿದ್ದವು, ಹೆಂಗಸರು ಇರುತ್ತಿರಲಿಲ್ಲ. ಅವರೆಲ್ಲ ರಸ್ತೆ ದಾಟಿ ಗ್ರಂಥಾಲಯದೊಳಗೆ ಕೂತಿರುತ್ತಿದ್ದರು. ಅವರಲ್ಲಿ ಅತ್ತಿಗೆಯೂ ಒಬ್ಬರು ಎಂದು ನನಗೆ ತಿಳಿದದ್ದು ಎಲ್ಲ ಮುಗಿದ ಮೇಲೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಬಿ.ಕಾಂ. ಮುಗಿಸುವುದರಲ್ಲಿದ್ದೆ. ಬ್ಯಾಂಕ್ ಪರೀಕ್ಷೆಯ ಹುಚ್ಚು ತಲೆಗೇರಿತ್ತು. ಗ್ರಂಥಾಲಯದ ಓದುವ ಕೋಣೆಯಲ್ಲಿ ಕಿಟಕಿ ಪಕ್ಕದ ಕುರ್ಚಿಯನ್ನು ನನ್ನದೆಂದೇ ತಿಳಿದಿದ್ದೆ. ಬೇರೆ ಯಾರಾದರೂ ಕೂತಿದ್ದರೆ ಅವರು ಏಳುವವರೆಗೂ ಬೆನ್ನ ಹಿಂದೆ ನಿಂತು ಕೆಮ್ಮುವಷ್ಟು ಕೊಬ್ಬು ನನಗಿತ್ತು. ಇಂಗ್ಲಿಷ್ ಪತ್ರಿಕೆ ಮತ್ತು ಫ್ಯಾನು ಎರಡೂ ಒಟ್ಟಿಗೆ ಪುಕ್ಕಟೆ ಸಿಗುತ್ತಿದ್ದ ಜಾಗ ನಮಗೆ ಅದೊಂದೇ. ಗ್ರಂಥಪಾಲಕರು ಸಣ್ಣ ದನಿಯ, ಯಾರಿಗೂ ಇಲ್ಲವೆನ್ನಲು ಬಾರದ ಮನುಷ್ಯ. ನಿವೃತ್ತರಾಗಿದ್ದ ಶಾಲೆಯ ಮೇಡಂ ಒಬ್ಬರು ಬಂದು ಕೇಳಿದ್ದೇ ತಡ, ವಾರಕ್ಕೆರಡು ದಿನ ಎರಡು ಗಂಟೆಯಿಂದ ನಾಲ್ಕರವರೆಗೆ ಹೆಂಗಸರಿಗೆ ಉಚಿತವಾಗಿ ಓದು ಬರಹ ಕಲಿಸಲು ಆ ಕೋಣೆಯನ್ನೇ ಬಿಟ್ಟುಕೊಟ್ಟರು. ಅಷ್ಟು ಹೊತ್ತು ಗಂಡಸರು ಹೊರಗೆ.

ನಾವು ಐದಾರು ಜನ ಆ ಎರಡು ಗಂಟೆಯನ್ನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಒಂದೊಂದು ಟೀ ಮುಂದಿಟ್ಟುಕೊಂಡು ಉರಿಯುತ್ತ ಕಳೆಯುತ್ತಿದ್ದೆವು. ನಾಲ್ಕಾದ ಮೇಲೆ ವಾಪಸು ಬಂದರೆ ಕಪ್ಪುಹಲಗೆಯ ಮೇಲೆ ಕಾಗುಣಿತ, ಮೇಜಿನ ಕೆಳಗೆ ಕಡಲೆಕಾಯಿ ಸಿಪ್ಪೆ, ನನ್ನ ಕುರ್ಚಿಯ ಕೈಮೇಲೆ ಗಿರಣಿಯ ಹಿಟ್ಟಿನ ಧೂಳು. ಅದನ್ನು ಕರವಸ್ತ್ರದಿಂದ ಒರೆಸಿ ಕೂರುವಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ದೇಶವನ್ನೇ ಯಾರೋ ಕಿತ್ತುಕೊಂಡಂತೆ ಆಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಅರ್ಜಿ ಕೊಡೋಣ ಎಂದು ಯಾರು ಮೊದಲು ಹೇಳಿದರೋ ನೆನಪಿಲ್ಲ. ಬರೆದವನು ಮಾತ್ರ ನಾನೇ. ನನ್ನ ಅಕ್ಷರ ದುಂಡಗಿತ್ತು. ಬೀದಿಯವರ ಮದುವೆ ಪತ್ರಿಕೆಗಳ ಮೇಲೆ ವಿಳಾಸ ಬರೆಯಲು ನನ್ನನ್ನೇ ಕರೆಯುತ್ತಿದ್ದರು. ಆ ಹೆಮ್ಮೆಯಲ್ಲಿ ಕೂತು ಒಂದೂವರೆ ಪುಟ ಬರೆದೆ. ಅದರ ಒಂದು ವಾಕ್ಯ ನನಗೆ ಇಂದಿಗೂ ಬಾಯಿಪಾಠ: “ಓದಿನಲ್ಲಿ ನಿಜವಾದ ಆಸಕ್ತಿಯಿಲ್ಲದ ಕೆಲವು ಮಹಿಳೆಯರು ಹಿಟ್ಟು ಬೀಸಿಸುವ ನೆಪದಲ್ಲಿ ಬಂದು ಕಾಲಹರಣ ಮಾಡುತ್ತಿದ್ದು, ಇದರಿಂದ ನಿರುದ್ಯೋಗಿ ಯುವಕರ ಭವಿಷ್ಯಕ್ಕೆ ಧಕ್ಕೆಯಾಗುತ್ತಿದೆ.” ಆ ಹೆಂಗಸರಲ್ಲಿ ಒಬ್ಬರಾದರೂ ಓದುವುದನ್ನು ನಾನು ಕಣ್ಣಿನಿಂದ ನೋಡಿರಲಿಲ್ಲ. ಹೋಟೆಲಿನಲ್ಲೇ ಸಹಿ ಹಾಕಿಸಿದೆವು. ಹಾಕಿದವರಲ್ಲಿ ಅರ್ಧ ಜನ ಗ್ರಂಥಾಲಯದ ಮೆಟ್ಟಿಲು ಹತ್ತಿದವರಲ್ಲ; ಇಬ್ಬರು ಹೆಬ್ಬೆಟ್ಟು ಒತ್ತಿದರು. ಅಕ್ಷರ ಕಲಿಸುವುದನ್ನು ನಿಲ್ಲಿಸಿ ಎನ್ನುವ ಅರ್ಜಿಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದ ಜಾಣರು ನಾವು. ನನ್ನ ಸಹಿಯನ್ನು ಮಾತ್ರ ಇಂಗ್ಲಿಷಿನಲ್ಲಿ, ಯಾರಿಗೂ ತಿಳಿಯದ ಹಾಗೆ ಗೀಚಿದ್ದೆ.

ಗ್ರಂಥಪಾಲಕರು ಪೂರ್ತಿ ಓದಿದರು. ಅಕ್ಷರ ಚೆನ್ನಾಗಿದೆ ಎಂದರು. ಆಮೇಲೆ, ಇದನ್ನು ಒಂದು ವಾರ ಹೊರಗಿನ ಬೋರ್ಡಿಗೆ ಹಾಕುತ್ತೇನೆ, ಕಲಿಯುವ ಹೆಂಗಸರಲ್ಲಿ ತಕರಾರು ಇದ್ದವರು ತಮ್ಮ ಕೈಯಾರೆ ಬರೆದು ಕೊಡಲಿ, ಒಬ್ಬರೇ ಬರೆದು ಕೊಟ್ಟರೂ ತರಗತಿ ನಿಲ್ಲಿಸುವುದಿಲ್ಲ ಎಂದು ಅಷ್ಟೇ ಸಣ್ಣ ದನಿಯಲ್ಲಿ ಹೇಳಿದರು. ನಾವು ತಲೆಯಾಡಿಸಿ ಹೊರಗೆ ಬಂದು ನಕ್ಕೆವು. ಬರೆಯಲು ಬಾರದವರು ಬರೆದು ಕೊಡಬೇಕು ಎನ್ನುವುದು ಆ ಸಂಜೆ ನಮಗೆ ದೊಡ್ಡ ತಮಾಷೆಯಾಗಿತ್ತು.

ಅತ್ತಿಗೆಯ ವಿಷಯ ಇಲ್ಲಿ ಸ್ವಲ್ಪ ಹೇಳಬೇಕು. ಅವರದು ಹುಳಿಯಾರಿನಿಂದಾಚೆಗೆ ಒಂದು ಹಳ್ಳಿ, ಕುರಿ ಮತ್ತು ರಾಗಿಯ ಊರು. ಕುರಿ ಕಾಯಲು ಆಳು ಬೇಕಾಯಿತೆಂದು ಒಂದನೇ ಕ್ಲಾಸಿನಲ್ಲೇ ಶಾಲೆ ಬಿಡಿಸಿದ್ದರಂತೆ. ಅವರು ನಮ್ಮ ಮನೆ ತುಂಬಿದಾಗ ನನಗೆ ಏಳು ವರ್ಷ; ನನ್ನ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು. ಎಣ್ಣೆ ನೀರು ಹಾಕಿದ್ದು, ಶಾಲೆಯ ಬಾಗಿಲವರೆಗೆ ಕೈಹಿಡಿದು ಬಿಟ್ಟು ಬಂದದ್ದು, ಜ್ವರ ಬಂದಾಗ ಪಕ್ಕದಲ್ಲಿ ಮಲಗಿದ್ದು ಎಲ್ಲ ಅವರೇ. ನಾನು ಬರೆದು ಮುಗಿಸಿದ ಕಾಪಿ ಪುಸ್ತಕಗಳನ್ನೆಲ್ಲ ಅವರು ಒಂದು ಗೋಣಿಚೀಲಕ್ಕೆ ತುಂಬಿ ಅಟ್ಟದ ಮೇಲಿಟ್ಟಿದ್ದರು. ಒಲೆ ಹಚ್ಚಲು ಇರಬೇಕೆಂದು ನಾನು ಅಂದುಕೊಂಡಿದ್ದೆ.

ನಮ್ಮ ಅಟ್ಟದಲ್ಲಿ ವರ್ಷವಿಡೀ ತೆಂಗಿನಕಾಯಿ ಇರುತ್ತಿತ್ತು. ಕಾಯಿಯ ನೀರು ಒಳಗೇ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟು, ಅಲ್ಲಾಡಿಸಿದರೆ ಗಡಗಡ ಎನ್ನುವವರೆಗೆ ಒಡೆಯುವ ಹಾಗಿಲ್ಲ. ಆ ವರ್ಷ ಅತ್ತಿಗೆ ಕಾಯಿ ನೋಡಿ ಬರುತ್ತೇನೆಂದು ಅಟ್ಟ ಹತ್ತಿದರೆ ಇಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಒಮ್ಮೆ ಏನೋ ಹುಡುಕಲು ನಾನು ಹತ್ತಿದಾಗ ಗೋಡೆಯ ಮೇಲೆ ಇದ್ದಲಿನಲ್ಲಿ ಬರೆದ ಸೊಟ್ಟ ಅಕ್ಷರಗಳು ಕಂಡವು. ಪಕ್ಕದ ಮನೆಯ ಮಕ್ಕಳ ಚೇಷ್ಟೆ ಎಂದುಕೊಂಡು, 'ಕ'ದ ತಲೆಕಟ್ಟು ನೋಡಿ ನಕ್ಕು ಇಳಿದೆ.

ಅರ್ಜಿ ಬೋರ್ಡಿಗೇರಿದ ವಾರದಲ್ಲೇ ಒಂದು ದಿನ, ಊಟಕ್ಕೆ ಬಡಿಸುತ್ತಿದ್ದ ಅತ್ತಿಗೆ ಸಾರಿನ ಸೌಟು ಹಿಡಿದುಕೊಂಡೇ ಕೇಳಿದರು.

“ಕಾಲಹರಣ ಅಂದ್ರೆ ಏನಪ್ಪಾ?”

ರೇಡಿಯೋದಲ್ಲಿ ಕೇಳಿರಬೇಕು ಎಂದುಕೊಂಡೆ. ಪದದ ಅರ್ಥ ಹೇಳುವುದೆಂದರೆ ನನಗೆ ಬಹಳ ಖುಷಿ. ಮಾಡಲು ಕೆಲಸವಿಲ್ಲದವರು ಹೊತ್ತು ಹಾಳು ಮಾಡುವುದಕ್ಕೆ ಹಾಗೆನ್ನುತ್ತಾರೆ ಎಂದು ಉದಾಹರಣೆ ಸಮೇತ ವಿವರಿಸಿದೆ. ಅತ್ತಿಗೆ “ಹಂಗಾ” ಎಂದು ನನ್ನ ಮುದ್ದೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಅವರು ನಸುಕಿಗೆ ಎದ್ದವರು, ನಮ್ಮೆಲ್ಲರ ಊಟವಾಗುವವರೆಗೆ ಕೂತವರಲ್ಲ.

ವಾರ ಕಳೆಯಿತು. ಯಾರೂ ಬರೆದು ಕೊಡಲಿಲ್ಲ. ತರಗತಿ ನಿಂತಿತು, ಕಪ್ಪುಹಲಗೆಯನ್ನು ಗೋಡೆಗೆ ತಿರುಗಿಸಿ ಇಟ್ಟರು, ನನ್ನ ಕುರ್ಚಿ ನನಗೆ ಸಿಕ್ಕಿತು.

ಎರಡು ವಾರದ ನಂತರದ ಒಂದು ಮಂಗಳವಾರ, ಮೂರು ಗಂಟೆಯಿರಬೇಕು. ಅದೇ ಕುರ್ಚಿಯಲ್ಲಿ ಕೂತು ಲೆಕ್ಕ ಬಿಡಿಸುತ್ತಿದ್ದವನು ಬೇಸರಕ್ಕೆ ಕಿಟಕಿಯಾಚೆ ನೋಡಿದೆ. ಕರೆಂಟು ಹೋಗಿ ಗಿರಣಿ ನಿಂತಿತ್ತು. ಈಗ ಹೋಗಲು ಜಾಗವಿಲ್ಲದ ಹೆಂಗಸರು ತಮ್ಮ ತಮ್ಮ ಡಬ್ಬದ ಪಕ್ಕದಲ್ಲೇ ನೆಲಕ್ಕೆ ಕೂತಿದ್ದರು. ಸಾಲಿನ ಕೊನೆಯಲ್ಲಿ ಅತ್ತಿಗೆ. ಕಡಲೆಕಾಯಿ ಕಟ್ಟಿಸಿಕೊಂಡ ಪತ್ರಿಕೆಯ ಚೂರನ್ನು ಮೊಣಕಾಲ ಮೇಲೆ ಹರಡಿಕೊಂಡು ಬೆರಳು ಸರಿಸುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು. ನಾನು ಪೆನ್ನು ಹಾಗೇ ಬಿಟ್ಟು ರಸ್ತೆ ದಾಟಿದೆ.

“ಅತ್ತಿಗೆ, ನಿಮಗೆ ಓದಕ್ಕೆ ಬರುತ್ತಾ?”

ಅವರು ಕಾಗದ ಮಡಿಸಿಕೊಂಡರು. ಮುಖದಲ್ಲಿ ನಾಚಿಕೆಯಿತ್ತು, ಕೋಪವಿರಲಿಲ್ಲ.

“ಅಷ್ಟೋ ಇಷ್ಟೋ ಬತ್ತದೆ ಕಣಪ್ಪ. ಚೆಂದಾಗಿ ಬಂದ ಮ್ಯಾಲೆ ನಿಂಗೇ ಮೊದ್ಲು ಹೇಳಾನ ಅಂತಿದ್ದೆ. ಬೋರ್ಡಿಗೆ ಒಂದು ಅರ್ಜಿ ಹಾಕಿದ್ರಲ್ಲ, ಅರ್ಧ ಮಂಗಳವಾರ ಓದ್ದೆ, ಇನ್ನರ್ಧ ಶುಕ್ರವಾರ. ಮೊದ್ಲಿಂದ ಕೊನೆಗಂಟ ನಾನೇ ಓದಿದ ಕಾಗದ ಅಂದ್ರೆ ಅದೊಂದೇಯ.”

ಸಾರಿನ ಸೌಟು, 'ಹಂಗಾ' ಎಂಬ ಮಾತು ಎರಡೂ ಒಟ್ಟಿಗೆ ನನಗೆ ನೆನಪಾದವು. ಬರೆದವನು ನಾನೆಂದು ಇವರಿಗೆ ಗೊತ್ತಿಲ್ಲ, ಸದ್ಯ, ಎಂಬ ಸಮಾಧಾನವೂ ಆ ಕ್ಷಣದಲ್ಲೇ ಮೂಡಿತು. ಅರ್ಜಿ ಬರೆದದ್ದಕ್ಕಿಂತ ಆ ಸಮಾಧಾನಕ್ಕೆ ನನಗೆ ಈಗ ಹೆಚ್ಚು ನಾಚಿಕೆಯಾಗುತ್ತದೆ.

ಮರುದಿನ ಗ್ರಂಥಪಾಲಕರ ಮುಂದೆ ನಿಂತು, ಅರ್ಜಿ ವಾಪಸು ತೆಗೆದುಕೊಳ್ಳುತ್ತೇವೆ, ತರಗತಿ ಮತ್ತೆ ಶುರು ಮಾಡಿ ಎಂದೆ. ಮೇಡಂ ತುರುವೇಕೆರೆಯ ಮಗಳ ಮನೆಗೆ ಹೊರಟುಹೋದರು, ಇನ್ನು ಬರುವುದಿಲ್ಲವಂತೆ ಎಂದರು. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದರು.

“ಕೋಣೆ ಈಗಲೂ ಕೊಡ್ತೀನಿ. ನೀನು ಕಲಿಸ್ತೀಯೇನಪ್ಪ?”

ಪರೀಕ್ಷೆಗೆ ಒಂದೇ ತಿಂಗಳಿತ್ತು. ಮುಗಿಯಲಿ ಸಾರ್, ಆಮೇಲೆ ನೋಡೋಣ ಎಂದೆ. ಅವರು ಆಗಲಿ ಎಂದು ತಮ್ಮ ರಿಜಿಸ್ಟರಿಗೆ ತಲೆ ಬಗ್ಗಿಸಿದರು. ಪರೀಕ್ಷೆ ಮುಗಿದ ಮೇಲೆ ಅವರೂ ಕೇಳಲಿಲ್ಲ, ನಾನೂ ಆ ಕಡೆ ತಲೆ ಹಾಕಲಿಲ್ಲ. ಬರೆದದ್ದು ತಿಳಿಯದೆ ಮಾಡಿದ ತಪ್ಪು ಎಂದು ಯಾರಾದರೂ ನನ್ನನ್ನು ಕ್ಷಮಿಸಬಹುದು. ಇದು ತಿಳಿದೇ ಮಾಡಿದ್ದು.

ಕೆಲಸ ಸಿಕ್ಕಿತು, ಚಿಕ್ಕನಾಯಕನಹಳ್ಳಿಯ ಬ್ಯಾಂಕಿಗೆ ಹಾಕಿದರು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅತ್ತಿಗೆಗೆ ನೆರವಾಗಲು ಅಟ್ಟ ಹತ್ತಿದೆ. ಗೋಡೆಗೆ ಸುಣ್ಣ ಹೊಡೆಸಿದ್ದರು, ಇದ್ದಲಿನ ಅಕ್ಷರಗಳು ಇರಲಿಲ್ಲ. ಅವರು ಒಂದೊಂದೇ ಕಾಯಿ ಎತ್ತಿ ಅಲ್ಲಾಡಿಸಿ, ಗಡಗಡ ಎಂದದ್ದನ್ನು ನನ್ನ ಕಡೆ ಉರುಳಿಸುತ್ತಿದ್ದರು. ನಾನು ಚೀಲಕ್ಕೆ ತುಂಬುತ್ತಿದ್ದೆ. ಅಷ್ಟು ಜನ ಹೆಂಗಸರಿದ್ದಿರಿ, ಒಬ್ಬರೂ ಯಾಕೆ ಎದುರು ಬರೆದು ಕೊಡಲಿಲ್ಲ ಎಂದು ಕೇಳಿದೆ.

“ನಾನು ಬರ್ದಿದ್ದೆ” ಎಂದರು ಅತ್ತಿಗೆ.

ಏನೆಂದು ಬರೆದಿದ್ದಿರಿ ಎಂದೆ.

“ಎಲ್ಡನೇ ಪುಸ್ತಕ ಅರ್ಧ ಆಗೈತೆ, ಅದು ಮುಗಿಯಗಂಟ ಬುಡಿ ಸಾಕು ಅಂತ. ನಾಕೇ ಸಾಲು.”

“ಮತ್ತೆ ಕೊಡಲಿಲ್ಲ ಯಾಕೆ?”

ಅವರು ಇನ್ನೊಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು. ಸದ್ದು ಬರಲಿಲ್ಲ. ಅದನ್ನು ಪಕ್ಕಕ್ಕಿಟ್ಟರು.

“ನಿನ್ನ ಅಕ್ಷರ ನಂಗೆ ಗೊತ್ತಾಗದೆ ಇರ್ತದಾ? ಆ ಗೋಣಿಚೀಲದಾಗಿರೋ ನಿನ್ನ ಕಾಪಿ ಪುಸ್ತಕ ನೋಡ್ಕಂಡೇ ನಾನು ತಿದ್ದಿದ್ದು. ನಿನ್ನ ಮ್ಯಾಲೆ ನಾನು ಹೆಂಗೆ ಬರ್ಕೊಡ್ಲಪ್ಪ?”

ಹಾಗೆಂದು ಮುಂದಿನ ಕಾಯಿಗೆ ಕೈ ಹಾಕಿದರು. ತಪ್ಪಾಯಿತು ಎನ್ನಲು ನನಗೆ ಆ ಮಧ್ಯಾಹ್ನವೆಲ್ಲ ಇತ್ತು, ಎರಡನೇ ಪುಸ್ತಕದ ಉಳಿದರ್ಧ ಕಲಿಸಲು ಎಷ್ಟೋ ಭಾನುವಾರಗಳಿದ್ದವು. ನಾನು ಚೀಲದ ಬಾಯಿ ಕಟ್ಟಿ ಕೆಳಗಿಳಿಸಿ, ಬೆಳಿಗ್ಗೆ ಏಳರ ಬಸ್ಸಿಗೆ ಚಿಕ್ಕನಾಯಕನಹಳ್ಳಿಗೆ ಹೋದೆ.